ಯಾತ್ರೆಯ ಚಿತ್ರಪುಟಗಳೂ ಪರಿಗ್ರಹ ಪರಿಮಾಣವೂ

ಬೇಸಗೆಯ ರಜೆ ಮುಗಿದು ಶಾಲೆಗಳು ಪುನಃ ತೆರೆಯುವ ಹೊತ್ತಿಗೆ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅನೇಕ ಜೈನ ಕುಟುಂಬಗಳು ಯಾತ್ರೆಯಿಂದ ಮರಳಿರುತ್ತವೆ. ಶ್ರವಣಬೆಳಗೊಳ, ಧರ್ಮಸ್ಥಳ, ವೇಣೂರು, ಮೂಡಬಿದಿರೆ, ಕಾರ್ಕಳ, ಹೊಂಬುಜ ಇವುಗಳಲ್ಲಿ ಒಂದೆರಡನ್ನಾದರೂ ಮಕ್ಕಳಿಗೆ ತೋರಿಸಿ ತರುವುದು ಈ ಭಾಗದ ಶ್ರಾವಕರಲ್ಲಿ ರೂಢಿಯಾಗಿದೆ. ಹಾಸನದ ಕಡೆಯಿಂದಲೋ ತುಳುನಾಡಿನಿಂದಲೋ ಬೆಳಗಾವಿಯಿಂದಲೋ ಬಂದು ನೆಲೆಸಿದವರಿಗೆ ಅದು ಊರಿಗೆ ಹೋಗಿಬರುವ ನೆವವೂ ಹೌದು. 2017ರಲ್ಲಿ ಬೆಂಗಳೂರು–ಹಾಸನ ರೈಲುಮಾರ್ಗ ಪೂರ್ಣಗೊಂಡ ಬಳಿಕ ಬೆಳಗೊಳವಂತೂ ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರುವಷ್ಟು ಹತ್ತಿರವಾಗಿದೆ. ಮರಳಿದವರ ಮೊಬೈಲಿನಲ್ಲಿ ನೂರಾರು ಛಾಯಾಚಿತ್ರಗಳಿರುತ್ತವೆ. ಅವುಗಳಲ್ಲಿ ಕೆಲವನ್ನು ಮುದ್ರಿಸಿ, ದಪ್ಪ ಕಾಗದದ ಪುಟಗಳಿಗೆ ಅಂಟಿಸಿ, ಊರಿನ ಹೆಸರು ಮತ್ತು ದಿನಾಂಕ ಬರೆದು, ಮಕ್ಕಳ ಕೈಯಿಂದ ಒಂದೆರಡು ಸಾಲು ಬರೆಯಿಸಿ ಒಂದು ಸರಳವಾದ ಚಿತ್ರಪುಸ್ತಕ ಮಾಡಿಡಬೇಕೆಂಬ ಆಸೆ ಮನೆಯಲ್ಲಿ ಯಾರಿಗಾದರೂ ಹುಟ್ಟುತ್ತದೆ.

ಇಷ್ಟು ಸಣ್ಣ ಕೆಲಸದಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿ ಎಂದು ತೋರಬಹುದು. ಆದರೆ ಇಂತಹ ಪುಟಗಳು ಸಿದ್ಧವಾಗುವ ಊಟದ ಮೇಜಿನ ಸುತ್ತಲೇ ಹಿರಿಯರು ಕಿರಿಯರ ನಡುವೆ ಆಕ್ಷೇಪಗಳು ಏಳುವುದುಂಟು. ತೀರ್ಥಕ್ಷೇತ್ರಕ್ಕೆ ಹೋದದ್ದು ಕರ್ಮಭಾರವನ್ನು ಇಳಿಸಿಕೊಳ್ಳಲು. ಅಲ್ಲಿಂದಲೂ ಕೂಡಿಟ್ಟುಕೊಂಡು ಬರುವುದಾದರೆ ಹೋದದ್ದೇತಕ್ಕೆ ಎಂದು ಅಜ್ಜ ಕೇಳುತ್ತಾರೆ. ಜಿನಬಿಂಬದ ಚಿತ್ರಕ್ಕೆ ಕತ್ತರಿ ಹಾಕುವುದು ಅವಿನಯವಲ್ಲವೇ ಎಂದು ಅಜ್ಜಿ ಕೇಳುತ್ತಾರೆ. ಛಾಯಾಚಿತ್ರದ ಕಾಗದದಲ್ಲಿ ಏನಿದೆಯೆಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಆದರೆ ಮೂರರಲ್ಲಿ ಅದೇ ಅತ್ಯಂತ ಗಂಭೀರವಾದುದು.

ಮೊದಲು ಪರಿಗ್ರಹದ ಪ್ರಶ್ನೆ. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸಿ, ದಾಸ, ಕುಪ್ಯ, ಭಾಂಡ ಎಂದು ಬಾಹ್ಯ ಪರಿಗ್ರಹವನ್ನು ಎಣಿಸಿದ ಆಚಾರ್ಯರ ಕಾಲದಲ್ಲಿ ಛಾಯಾಚಿತ್ರವಿರಲಿಲ್ಲ. ಆದರೆ ಈ ಎಣಿಕೆಗಿಂತಲೂ ಆಳವಾದ ಲಕ್ಷಣವನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಅವರ ಅಭಿಪ್ರಾಯದಲ್ಲಿ ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ನೆಟ್ಟ ಮೂರ್ಛೆ, ಅಂದರೆ ಇದು ನನ್ನದೆಂಬ ಮೈಮರೆವು. ಈ ಲಕ್ಷಣವನ್ನು ಒಪ್ಪಿದರೆ, ಹತ್ತು ಪುಟದ ಚಿತ್ರಪುಸ್ತಕವನ್ನು ಇಟ್ಟುಕೊಂಡವನು ಪರಿಗ್ರಹಿಯೆಂದೂ ಏನನ್ನೂ ಮುದ್ರಿಸದವನು ನಿಷ್ಪರಿಗ್ರಹಿಯೆಂದೂ ಹೇಳಲು ಬರುವುದಿಲ್ಲ. ಮೊಬೈಲಿನಲ್ಲಿ ಹತ್ತು ಸಾವಿರ ಚಿತ್ರಗಳನ್ನು ಹೊತ್ತು ತಿರುಗುತ್ತ, ಅವುಗಳಲ್ಲಿ ಯಾವುದನ್ನೂ ತಿರುಗಿ ನೋಡದೆ, ಒಂದನ್ನೂ ಅಳಿಸಲು ಮನಸ್ಸು ಬಾರದೆ, ಜಾಗ ಸಾಲದೆಂದು ಇನ್ನೂ ದೊಡ್ಡ ಯಂತ್ರವನ್ನು ಕೊಳ್ಳುವವನ ಕೈ ಖಾಲಿಯಾಗಿ ಕಂಡರೂ ಅವನ ಮೂರ್ಛೆ ತುಂಬಿಯೇ ಇದೆ. ಫಿಲ್ಮ್ ರೋಲಿನಲ್ಲಿ ಮೂವತ್ತಾರು ಚಿತ್ರಗಳ ಮಿತಿಯಿದ್ದ ಕಾಲದಲ್ಲಿ ಈ ಪರಿಮಾಣವನ್ನು ಯಂತ್ರವೇ ಹಾಕಿಕೊಡುತ್ತಿತ್ತು. ಈಗ ಅದನ್ನು ಮನುಷ್ಯನೇ ಹಾಕಿಕೊಳ್ಳಬೇಕಾಗಿದೆ. ಹಾಗೆ ತಾನೇ ಹಾಕಿಕೊಂಡ ಮಿತಿಗಲ್ಲವೇ ವ್ರತವೆಂಬ ಹೆಸರು?

ಹೀಗೆ ನೋಡಿದರೆ ಸರಳ ಪುಟಗಳನ್ನು ಮಾಡುವ ಕೆಲಸ ಅಜ್ಜನ ಆಕ್ಷೇಪಕ್ಕೆ ಗುರಿಯಾಗುವುದಕ್ಕಿಂತ ಅದರ ಉತ್ತರವಾಗಲು ಹೆಚ್ಚು ಯೋಗ್ಯವಾದುದು. ನಾಲ್ಕು ನೂರರಿಂದ ಹನ್ನೆರಡನ್ನು ಆರಿಸುವವನು ಮುನ್ನೂರ ಎಂಬತ್ತೆಂಟನ್ನು ಬಿಡುತ್ತಾನೆ. ಆ ಬಿಡುವಿಕೆ ನಿಜವಾಗಿ ನಡೆಯಬೇಕು. ಆರಿಸದೆ ಉಳಿದವನ್ನು ಅಳಿಸದಿದ್ದರೆ ಹನ್ನೆರಡು ಹೆಚ್ಚಾದವೇ ಹೊರತು ಏನೂ ಕಡಿಮೆಯಾಗಲಿಲ್ಲ. ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ ದಿನ. ಅಂದು ಬಸದಿಯಲ್ಲಿ ಪ್ರವಚನ ಕೇಳಿ ಬಂದ ಮನೆಯವರು ಸಂಜೆ ಒಟ್ಟಿಗೆ ಕುಳಿತು ವರ್ಷದ ಚಿತ್ರಗಳನ್ನು ಸೋಸಿ ಅಳಿಸಲು ತೊಡಗಿದರೆ, ಮಕ್ಕಳಿಗೆ ಆಕಿಂಚನ್ಯವೆಂಬ ಕಠಿಣ ಪದದ ಅರ್ಥ ಬೆರಳ ತುದಿಯಲ್ಲಿ ತಿಳಿಯುತ್ತದೆ. ತನ್ನ ಮುಖವಿರುವ ಚಿತ್ರವನ್ನು ತಾನೇ ಅಳಿಸುವುದು ಎಷ್ಟು ಕಷ್ಟವೆಂಬುದು ದೊಡ್ಡವರಿಗೂ ಆಗ ತಿಳಿಯುತ್ತದೆ.

ಹೋದ ಕ್ಷೇತ್ರದಲ್ಲಿ ತಾನು ಹೋಗಿದ್ದೆನೆಂಬ ಗುರುತು ಉಳಿಯಲೆಂಬ ಆಸೆ ಇಂದಿನದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಏರಿದವರು ಬಂಡೆಯ ಮೇಲಿನ ಬರವಣಿಗೆಗಳನ್ನು ಕಂಡಿರುತ್ತಾರೆ. ಬಿ.ಎಲ್. ರೈಸ್ ಅವರು 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದವು. ಹಾಗೆ ಹೆಚ್ಚಿದವುಗಳಲ್ಲಿ ರಾಜರ ದತ್ತಿಗಳೂ ಸಲ್ಲೇಖನದ ನಿಸಿದಿಗಳೂ ಮಾತ್ರವಲ್ಲದೆ, ಬಂದು ಹೋದ ಯಾತ್ರಿಕರ ಬರಿಯ ಹೆಸರುಗಳೂ ಸೇರಿವೆ. ಅಂತಹ ಬರಹದಲ್ಲಿ ಬಿರುದಿಲ್ಲ, ಕಾಣಿಕೆಯ ಲೆಕ್ಕವಿಲ್ಲ, ವರ್ಣನೆಯಿಲ್ಲ. ಸಾವಿರ ವರ್ಷಗಳ ಹಿಂದೆ ಒಬ್ಬನು ಬಂದ, ನಮಸ್ಕರಿಸಿದ, ಹೆಸರನ್ನು ಬಿಟ್ಟು ಹೋದ. ದೊಡ್ಡಬೆಟ್ಟದಲ್ಲಿ ಉತ್ತರ ಭಾರತದಿಂದ ಬಂದವರ ನಾಗರಿ ಲಿಪಿಯ ಬರಹಗಳೂ ಇವೆ. ಈಗ ಯಾರಾದರೂ ಬಂಡೆಯ ಮೇಲೆ ಹೆಸರು ಕೆತ್ತಿದರೆ ಅದು ಅಪರಾಧವೂ ಹೌದು, ಅವಿವೇಕವೂ ಹೌದು. ಆದರೆ ಆ ಆಸೆಗೆ ಮನೆಯ ಕಾಗದದ ಪುಟದಲ್ಲಿ ಸ್ಥಳ ದೊರೆತರೆ ಯಾವ ಬಂಡೆಗೂ ನೋವಿಲ್ಲ. ಪುಟ ಮಾಡುವವರು ಆ ಹಳೆಯ ಯಾತ್ರಿಕರಿಂದ ಮಿತಭಾಷೆಯನ್ನು ಕಲಿಯುವುದು ಒಳ್ಳೆಯದು. ಹೊಳೆಯುವ ಚುಕ್ಕಿ, ಬಣ್ಣದ ಪಟ್ಟಿ, ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಹೃದಯಾಕಾರದ ಚೀಟಿ ಇವುಗಳಿಂದ ಕಿಕ್ಕಿರಿದ ಪುಟದಲ್ಲಿ ಗೊಮ್ಮಟನು ಅತಿಥಿಯಾಗಿಬಿಡುತ್ತಾನೆ.

ಸ್ಮೃತಿಗೆ ಜೈನ ನ್ಯಾಯದಲ್ಲಿ ಇರುವ ಗೌರವವನ್ನೂ ಇಲ್ಲಿ ನೆನೆಯಬೇಕು. ಭಾರತೀಯ ದರ್ಶನಗಳಲ್ಲಿ ನೈಯಾಯಿಕರೂ ಮೀಮಾಂಸಕರೂ ಸ್ಮರಣೆಯನ್ನು ಪ್ರಮಾಣವೆಂದು ಒಪ್ಪಲಿಲ್ಲ. ಹಿಂದೆ ತಿಳಿದುದನ್ನೇ ಅದು ತಿಳಿಸುತ್ತದೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ಅಕಲಂಕದೇವರೂ ಅವರ ಮಾರ್ಗದಲ್ಲಿ ನಡೆದ ಮಾಣಿಕ್ಯನಂದಿಗಳೂ ಸ್ಮೃತಿಯನ್ನು ಪರೋಕ್ಷ ಪ್ರಮಾಣಗಳಲ್ಲಿ ಸೇರಿಸಿದರು. ಅದರ ಜೊತೆಗೇ ‘ಅದೇ ಇದು’ ಎಂದು ಗುರುತಿಸುವ ಪ್ರತ್ಯಭಿಜ್ಞಾನವನ್ನೂ ಸೇರಿಸಿದರು. ನೆನಪು ಸುಳ್ಳಾಗಬಹುದು, ಆದರೆ ಸರಿಯಾದ ನೆನಪು ಜ್ಞಾನವೇ. 1993ರ ಮಹಾಮಸ್ತಕಾಭಿಷೇಕದಲ್ಲಿ ತಂದೆಯ ಹೆಗಲೇರಿ ನಿಂತ ಮಗುವೂ 2018ರ ಅಭಿಷೇಕದಲ್ಲಿ ತನ್ನ ಮಗುವನ್ನು ಎತ್ತಿಕೊಂಡು ನಿಂತ ಗೃಹಸ್ಥನೂ ಒಬ್ಬನೇ ಎಂಬುದನ್ನು ಎದುರುಬದುರಿನ ಎರಡು ಪುಟಗಳು ತೋರಿಸಿಕೊಡುತ್ತವೆ. ಪರ್ಯಾಯಗಳು ಹುಟ್ಟಿ ಅಳಿಯುತ್ತವೆ, ದ್ರವ್ಯ ಉಳಿಯುತ್ತದೆ ಎಂದು ಗ್ರಂಥದಲ್ಲಿ ಓದಿದುದಕ್ಕೆ ಮನೆಯೊಳಗಿನ ಉದಾಹರಣೆ ಅದು. ಆ ಪುಟಗಳ ನಡುವೆ ಕಾಲವಾದ ಅಜ್ಜಿಯ ಚಿತ್ರವೂ ಇದ್ದರೆ ಅನಿತ್ಯ ಅನುಪ್ರೇಕ್ಷೆಗೆ ಬೇರೆ ಪುಸ್ತಕ ಬೇಕಾಗದು. 1970ರಿಂದ ಶ್ರವಣಬೆಳಗೊಳದ ಮಠದ ಪೀಠದಲ್ಲಿದ್ದು 1981, 1993, 2006, 2018ರ ನಾಲ್ಕು ಮಹಾಮಸ್ತಕಾಭಿಷೇಕಗಳನ್ನು ನಡೆಸಿಕೊಟ್ಟ ಪೂಜ್ಯ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿಯವರ ಚಿತ್ರ ಎಷ್ಟೋ ಮನೆಗಳ ಆಲ್ಬಮ್‌ಗಳಲ್ಲಿದೆ. 2023ರ ಮಾರ್ಚಿನಲ್ಲಿ ಅವರು ಕಾಲವಾದ ಮೇಲೆ ಆ ಚಿತ್ರವನ್ನು ತೆರೆದು ನೋಡಿದವರಿಗೆ ಮೂರ್ಛೆಗೂ ಸ್ಮೃತಿಗೂ ಇರುವ ಭೇದವನ್ನು ಬೇರೆಯವರು ಹೇಳಬೇಕಾಗಿರಲಿಲ್ಲ.

ಇಷ್ಟರಿಂದ ಚಿತ್ರಪುಟಕ್ಕೆ ಪೂರ್ಣ ಸಮ್ಮತಿ ದೊರೆಯಿತೆಂದು ಭಾವಿಸುವಂತಿಲ್ಲ. ಪರಿಗ್ರಹಕ್ಕಿಂತ ಮೊದಲು ನಿಲ್ಲುವ ವ್ರತ ಅಹಿಂಸೆ. ಛಾಯಾಚಿತ್ರದ ಚರಿತ್ರೆಯಾದರೋ ಆ ವ್ರತಕ್ಕೆ ಅನುಕೂಲವಾಗಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, 1850ರಿಂದೀಚೆಗೆ, ಕಾಗದದ ಮೇಲಿನ ಚಿತ್ರಗಳಿಗೆ ಮೊಟ್ಟೆಯ ಬಿಳಿಯ ಲೇಪವನ್ನು ಬಳಸುತ್ತಿದ್ದರು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣವನ್ನು ಜೆಲಾಟಿನ್‌ನಲ್ಲಿ ಹಿಡಿದಿಡುವ ವಿಧಾನವನ್ನು ಪ್ರಕಟಿಸಿದನು. ಜೆಲಾಟಿನ್ ಎಂಬುದು ದನ ಮತ್ತು ಹಂದಿಗಳ ಮೂಳೆ, ತೊಗಲುಗಳನ್ನು ಸಂಸ್ಕರಿಸಿ, ಬೇಯಿಸಿ ತೆಗೆದ ಸಾರ. ಅಂದಿನಿಂದ ಫಿಲ್ಮೂ ಛಾಯಾಚಿತ್ರದ ಕಾಗದವೂ ಜೆಲಾಟಿನ್ನಿನ ಲೇಪದಿಂದಲೇ ತಯಾರಾಗುತ್ತ ಬಂದಿವೆ. ಇದು ಎಷ್ಟು ಒಳಹೊಕ್ಕ ಸಂಬಂಧವೆಂದರೆ, ಕೆಲವು ಜೆಲಾಟಿನ್ ಬಳಸಿದಾಗ ಫಿಲ್ಮು ಬೆಳಕಿಗೆ ಹೆಚ್ಚು ಸ್ಪಂದಿಸುವುದೇಕೆಂದು ಕೊಡಾಕ್ ಸಂಸ್ಥೆಯ ವಿಜ್ಞಾನಿಗಳು 1920ರ ದಶಕದಲ್ಲಿ ಹುಡುಕುತ್ತ ಹೋದಾಗ, ಅದರ ಕಾರಣ ಸಾಸಿವೆಯಂತಹ ಗಿಡಗಳಲ್ಲಿರುವ ಗಂಧಕದ ಅಂಶದವರೆಗೆ, ಅಂದರೆ ಸತ್ತ ದನ ಬದುಕಿದ್ದಾಗ ಮೇದ ಮೇವಿನವರೆಗೆ ಹೋಗಿ ಮುಟ್ಟಿತು. ಭಾರತದಲ್ಲಿ 1960ರಲ್ಲಿ ಊಟಿಯಲ್ಲಿ ಸ್ಥಾಪಿತವಾಗಿ ‘ಇಂದು’ ಹೆಸರಿನ ಫಿಲ್ಮ್ ತಯಾರಿಸಿದ, ಈಗ ಮುಚ್ಚಿಹೋಗಿರುವ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯದೂ ಇದೇ ವಿದ್ಯೆ.

ಬೆಟ್ಟವೇರುವ ಮುನ್ನ ತೊಗಲಿನ ಪಟ್ಟಿ, ತೊಗಲಿನ ಚೀಲಗಳನ್ನು ಕೆಳಗೇ ಬಿಟ್ಟು, ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತಿ, ಸರ್ವಸಂಗ ಪರಿತ್ಯಾಗಿಯ ಮುಂದೆ ನಿಂತ ಶ್ರಾವಕನು ಆ ಮೂರ್ತಿಯನ್ನು ಮೂಳೆಯ ಸಾರದ ಮೇಲೆ ಅಚ್ಚೊತ್ತಿಕೊಂಡು ಮನೆಗೆ ತಂದನು. ಇದರಲ್ಲಿ ಅವನ ದೋಷವೆಷ್ಟು? ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಗಳಿಗೆ ಬಾಧೆಯಾಗುವುದು ಹಿಂಸೆಯೆಂದು ಶಾಸ್ತ್ರ ಹೇಳುತ್ತದೆ. ತಿಳಿಯದೆ ಮಾಡಿದವನಲ್ಲಿ ಸಂಕಲ್ಪವಿಲ್ಲ. ದನವನ್ನು ಫಿಲ್ಮಿಗಾಗಿ ಕೊಲ್ಲುವುದೂ ಇಲ್ಲ, ಕಸಾಯಿಖಾನೆಯಲ್ಲಿ ಉಳಿದ ಮೂಳೆಯನ್ನು ಕಾರ್ಖಾನೆ ಕೊಳ್ಳುತ್ತದೆ ಎಂಬ ವಾದವೂ ಇದೆ. ಈ ಎರಡನೆಯ ವಾದ ದುರ್ಬಲವಾದುದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ, ಉಳಿದುದಕ್ಕೆ ಬೆಲೆ ಕೊಟ್ಟವನು ಆ ವ್ಯಾಪಾರದಿಂದ ಹೊರಗಿದ್ದೇನೆಂದು ಹೇಳಲಾರನು. ತೊಗಲಿನ ಚಪ್ಪಲಿಯನ್ನು ಬಿಟ್ಟವರೂ ಇದೇ ಕಾರಣಕ್ಕೆ ಬಿಟ್ಟಿದ್ದಾರೆ. ಮೊದಲನೆಯ ವಾದವಾದರೋ ತಿಳಿಯುವವರೆಗೆ ಮಾತ್ರ ನಿಲ್ಲುತ್ತದೆ. ತಿಳಿದ ಮೇಲೂ ಅದನ್ನೇ ಮುಂದುವರಿಸುವುದಕ್ಕೆ ಪ್ರಮಾದವೆಂಬ ಹೆಸರನ್ನು ತಪ್ಪಿಸಲಾಗದು.

ಮೊಬೈಲ್ ಬಂದುದರಿಂದ ಫಿಲ್ಮು ಹೋಯಿತು, ಪ್ರಶ್ನೆಯೂ ಹೋಯಿತೆಂದು ಹಲವರು ತಿಳಿದಿದ್ದಾರೆ. ಅದು ಅರ್ಧ ಮಾತ್ರ ಸರಿ. ಮೊಬೈಲಿನ ಚಿತ್ರವನ್ನು ಫೋಟೊ ಲ್ಯಾಬಿಗೆ ಕೊಟ್ಟಾಗ ಇಂದಿಗೂ ಅನೇಕ ಕಡೆ ಅದು ಮುದ್ರಿತವಾಗುವುದು ಬೆಳ್ಳಿ ಮತ್ತು ಜೆಲಾಟಿನ್ನಿನ ಲೇಪವುಳ್ಳ ಬಣ್ಣದ ಕಾಗದದ ಮೇಲೆಯೇ. ಇಂಕ್‌ಜೆಟ್ ಯಂತ್ರಕ್ಕೆಂದು ಮಾರುವ ಹೊಳಪು ಕಾಗದಗಳಲ್ಲಿಯೂ ಕೆಲವಕ್ಕೆ ಜೆಲಾಟಿನ್ ಲೇಪವಿರುತ್ತದೆ, ಕೆಲವಕ್ಕೆ ಇರುವುದಿಲ್ಲ, ವಿಚಾರಿಸಿಯೇ ಕೊಳ್ಳಬೇಕು. ನೆರಳಚ್ಚಿನ ಅಂಗಡಿಯ ಲೇಸರ್ ಯಂತ್ರದಲ್ಲಿ ಸಾದಾ ದಪ್ಪ ಕಾಗದದ ಮೇಲೆ ತೆಗೆದ ಪ್ರತಿಗೆ ಆ ಲೇಪ ಬೇಕಾಗುವುದಿಲ್ಲ. ಅಂತಹ ಪ್ರತಿಗೆ ಹೊಳಪಿಲ್ಲ, ಬಣ್ಣ ಮಂಕು, ಮುಖದ ಛಾಯೆಗಳು ಒರಟು. ಚೆನ್ನಾಗಿ ಸಂಸ್ಕರಿಸಿದ ಹಳೆಯ ಕಪ್ಪುಬಿಳುಪು ಚಿತ್ರ ನೂರು ವರ್ಷ ಬಾಳಿದ ನಿದರ್ಶನಗಳಿರುವಾಗ ಈ ಕಾಗದದಿಂದ ಅಂತಹ ಸೊಗಸನ್ನು ನಿರೀಕ್ಷಿಸುವಂತಿಲ್ಲ. ವ್ರತಕ್ಕೆ ತೆರುವ ಬೆಲೆ ಇಲ್ಲಿ ಇದೇ, ಅದನ್ನು ಮರೆಮಾಚಬೇಕಾಗಿಲ್ಲ. ರಾತ್ರಿಭೋಜನವನ್ನು ಬಿಟ್ಟವರಿಗೆ ಮಂಕಾದ ಬಣ್ಣವನ್ನು ಸಹಿಸುವುದು ದೊಡ್ಡ ಮಾತಲ್ಲ. ಹಾಗೆಂದು ಅಜ್ಜ ಅಜ್ಜಿಯರ ಹಳೆಯ ಚಿತ್ರಗಳನ್ನು ಜೆಲಾಟಿನ್ ಇದೆಯೆಂದು ಎಸೆಯುವುದು ಅವಿವೇಕ. ಅದರಿಂದ ಯಾವ ಪ್ರಾಣಿಯೂ ಮರಳಿ ಬದುಕುವುದಿಲ್ಲ, ಕುಟುಂಬದ ಸ್ಮೃತಿ ಮಾತ್ರ ಸಾಯುತ್ತದೆ.

ಅಂಟಿನ ವಿಚಾರವೂ ಇಷ್ಟೇ ತೊಡಕಿನದು. ಪುಸ್ತಕ ಕಟ್ಟುವವರೂ ಮರಗೆಲಸದವರೂ ಹಿಂದೆ ಬಳಸುತ್ತಿದ್ದ ತೊಗಲಿನ ಅಂಟನ್ನು ಯಾವ ಜೈನ ಗೃಹಿಣಿಯೂ ಮುಟ್ಟಲಾರಳು. ಆದುದರಿಂದ ಮೈದಾ ಹಿಟ್ಟನ್ನು ಕುದಿಸಿದ ಅಂಟೋ ಹುಣಸೆ ಬೀಜದ ಅಂಟೋ ಶುದ್ಧವೆಂದು ತೋರುತ್ತದೆ. ಆದರೆ ಹಿಟ್ಟಿನ ಅಂಟು ಹುಳುಗಳಿಗೆ ಆಹಾರ. ಎರಡು ಮಳೆಗಾಲ ಕಳೆಯುವುದರೊಳಗೆ ಪುಟಗಳ ಸಂದಿಯಲ್ಲಿ ಬೆಳ್ಳಿಮೀನೆಂಬ ಹುಳು ಸೇರುತ್ತದೆ. ಆಲ್ಬಮ್ಮನ್ನು ಫಟ್ಟನೆ ಮುಚ್ಚಿದಾಗ ಅವು ಸಾಯುತ್ತವೆ. ಹುಳು ಬಾರದಿರಲೆಂದು ಹಿಟ್ಟಿಗೆ ಮೈಲುತುತ್ತ ಬೆರೆಸುವ ಹಳೆಯ ಪದ್ಧತಿಯಲ್ಲಿ ಹುಳುವಿಗೆ ವಿಷವಿಟ್ಟಂತಾಯಿತು. ಅಹಿಂಸೆಯ ಹೆಸರಿನಲ್ಲಿ ಆರಿಸಿದ ವಸ್ತುವೇ ಹಿಂಸೆಗೆ ಬಾಗಿಲು ತೆರೆಯುವ ಇಂತಹ ಸಂದರ್ಭಗಳು ಗೃಹಸ್ಥನ ಜೀವನದಲ್ಲಿ ಹೆಜ್ಜೆಹೆಜ್ಜೆಗೂ ಇವೆ. ಅಡುಗೆಮನೆಯಲ್ಲಿ ಶ್ರಾವಿಕೆಯರು ಇದನ್ನು ನಿತ್ಯವೂ ಎದುರಿಸುತ್ತಾರೆ. ಪರಿಹಾರ ಸುಲಭವಾದುದು: ಅಂಟನ್ನೇ ಬಿಡುವುದು. ಹಳೆಯ ಕಪ್ಪು ಹಾಳೆಯ ಆಲ್ಬಮ್‌ಗಳಲ್ಲಿ ಚಿತ್ರದ ನಾಲ್ಕು ಮೂಲೆಗಳನ್ನು ಹಿಡಿಯುತ್ತಿದ್ದ ಕಾಗದದ ಪುಟ್ಟ ತ್ರಿಕೋನಗಳನ್ನು ಮಕ್ಕಳೇ ಮಡಿಚಿ ಮಾಡಬಲ್ಲರು. ಅಥವಾ ಪುಟದಲ್ಲಿಯೇ ಓರೆಯಾಗಿ ನಾಲ್ಕು ಸೀಳು ಮಾಡಿ ಮೂಲೆಗಳನ್ನು ಸಿಕ್ಕಿಸಬಹುದು. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಸಮಾಜಕ್ಕೆ ಹುಳುವನ್ನು ಕೊಲ್ಲದೆ ದೂರವಿಡುವ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಒಣ ಬೇವಿನೆಲೆ, ಒಂದೆರಡು ಲವಂಗ, ವರ್ಷಕ್ಕೆರಡು ಬಾರಿ ಪುಟ ತಿರುವಿ ಗಾಳಿಯಾಡಿಸುವುದು, ಇಷ್ಟು ಮಾಡಿದರೆ ಬಹುಮಟ್ಟಿಗೆ ಸಾಕು. ಹೊದಿಕೆಗೆ ರೇಷ್ಮೆಯೂ ತೊಗಲೂ ಬೇಡವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಜ್ಜಿಯ ಆಕ್ಷೇಪಕ್ಕೆ ಕನ್ನಡ ಜೈನ ಸಾಹಿತ್ಯದಲ್ಲಿಯೇ ಪ್ರಸಿದ್ಧವಾದ ಕಥೆಯ ಬೆಂಬಲವಿದೆ. ಜನ್ನಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ಜೀವಬಲಿಗೆ ಒಲ್ಲದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಹರಿಯದ ಆ ಒಂದು ಕೃತ್ಯದಿಂದ ತಾಯಿಯೂ ಮಗನೂ ಹಲವು ಪ್ರಾಣಿಜನ್ಮಗಳ ದುಃಖವನ್ನು ಉಣ್ಣಬೇಕಾಗುತ್ತದೆ. ಆಕೃತಿಯಲ್ಲಿ ‘ಇದು ಅದೇ’ ಎಂಬ ಭಾವವನ್ನು ಸ್ಥಾಪಿಸಿದ ಮೇಲೆ ಆ ಆಕೃತಿಗೆ ಮಾಡಿದುದು ಬರಿಯ ಹಿಟ್ಟಿಗೆ ಮಾಡಿದುದಾಗಿ ಉಳಿಯುವುದಿಲ್ಲ. ನಿಕ್ಷೇಪಗಳನ್ನು ವಿವರಿಸುವಾಗ ಆಚಾರ್ಯರು ಸ್ಥಾಪನಾ ನಿಕ್ಷೇಪವೆಂದು ಕರೆದದ್ದು ಇದನ್ನೇ. ಕಲ್ಲಿನ ಬಿಂಬವು ಪೂಜ್ಯವಾಗುವ ತತ್ತ್ವವೇ ಕಾಗದದ ಬಿಂಬವನ್ನೂ ಅಲಕ್ಷಿಸದಂತೆ ಎಚ್ಚರಿಸುತ್ತದೆ.

ಆದರೆ ಯಶೋಧರನ ಕಥೆಯನ್ನು ಪೂರ್ತಿಯಾಗಿ ಓದಿದವರು ಅದರಲ್ಲಿ ಸಂಕಲ್ಪಕ್ಕೆ ಇರುವ ಸ್ಥಾನವನ್ನು ಮರೆಯಲಾರರು. ಅವನ ಕತ್ತಿಯ ಹಿಂದೆ ಕೊಲೆಯ ಸಂಕಲ್ಪವಿತ್ತು. ಚಿತ್ರದ ಅಂಚಿನಲ್ಲಿ ಬಂದ ವಿದ್ಯುತ್ ಕಂಬವನ್ನು ತೆಗೆಯಲು ಕತ್ತರಿ ಹಿಡಿದ ಬಾಲಕಿಯಲ್ಲಿ ಅಂತಹ ಭಾವವಿಲ್ಲ. ಆದುದರಿಂದ ಕತ್ತರಿಯೇ ದೋಷವೆಂದು ಗದರಿಸುವುದು ಸರಿಯಲ್ಲ. ಗದರಿಸಲ್ಪಟ್ಟ ಮಗುವಿಗೆ ಬಿಂಬದ ಮೇಲಿನ ಭಕ್ತಿಗಿಂತ ಭಯ ಹೆಚ್ಚುತ್ತದೆ. ಬಾಹುಬಲಿಯ ಪಾದಗಳನ್ನು ಕತ್ತರಿಸಿ ಮುಖವನ್ನು ಮಾತ್ರ ಉಳಿಸುವುದು, ಮುನಿಗಳ ಚಿತ್ರವನ್ನು ಸುತ್ತಲೂ ಕೊರೆದು ಬೇರೊಂದು ಹಿನ್ನೆಲೆಗೆ ಅಂಟಿಸುವುದು, ಜಿನಬಿಂಬದ ಪಕ್ಕದಲ್ಲಿ ಮಲ್ಪೆಯ ಕಡಲತೀರದ ಐಸ್‌ಕ್ರೀಮಿನ ಚಿತ್ರವನ್ನು ಸಿಕ್ಕಿಸುವುದು ಇವು ಬೇರೆ ಮಾತು. ಐಸ್‌ಕ್ರೀಮಿನ ಚಿತ್ರಕ್ಕೂ ಪುಸ್ತಕದಲ್ಲಿ ಸ್ಥಳವಿರಲಿ, ಅದೂ ಆ ಪ್ರಯಾಣದ ಸತ್ಯವೇ, ಆದರೆ ಬೇರೆ ಪುಟದಲ್ಲಿರಲಿ. ಹಾಳಾದ ಪ್ರತಿಗಳನ್ನು ಕಸದ ಬುಟ್ಟಿಗೆ ಹಾಕುವುದು ಇವೆಲ್ಲಕ್ಕಿಂತ ಹೆಚ್ಚಿನ ಅವಿನಯ. ಅದನ್ನು ತಪ್ಪಿಸಲು ಉತ್ತಮ ಉಪಾಯವೆಂದರೆ ಬಿಂಬದ ಚಿತ್ರಗಳನ್ನು ಎಣಿಸಿ ಒಂದೆರಡನ್ನೇ ಮುದ್ರಿಸುವುದು.

ಅನೇಕ ಬಸದಿಗಳ ಗರ್ಭಗೃಹದಲ್ಲಿ ಛಾಯಾಚಿತ್ರಕ್ಕೆ ಅವಕಾಶವಿಲ್ಲ. ಇದರ ಬಗ್ಗೆ ಗೊಣಗುವವರುಂಟು. 1430ರಲ್ಲಿ ನಿರ್ಮಿತವಾದ ಮೂಡಬಿದಿರೆಯ ಸಾವಿರಕಂಬದ ಬಸದಿಯ ಕತ್ತಲೆಯೊಳಗೆ ದೀಪದ ಬೆಳಕಿನಲ್ಲಿ ಚಂದ್ರಪ್ರಭ ಸ್ವಾಮಿಯನ್ನು ಕಂಡವರು ಹೊರಗೆ ಬಂದು ಕಂಬಗಳ ಚಿತ್ರ ತೆಗೆಯುತ್ತಾರೆ, ಸ್ವಾಮಿಯ ಚಿತ್ರ ಇಲ್ಲವೆಂದು ಕೊರಗುತ್ತಾರೆ. ಆದರೆ ಯಂತ್ರ ಕೈಯಲ್ಲಿಲ್ಲದ ಆ ಐದು ನಿಮಿಷಗಳಲ್ಲಿ ಕಣ್ಣು ಮಾಡಬೇಕಾದ ಕೆಲಸವನ್ನು ಕಣ್ಣೇ ಮಾಡಿತು ಎಂಬುದನ್ನು ಯಾರೂ ಗಮನಿಸುವುದಿಲ್ಲ. ಬೆಟ್ಟದ ಮೇಲಿನ ನಡವಳಿಕೆಯನ್ನು ಹೋಲಿಸಿ ನೋಡಬಹುದು. ಐವತ್ತೆಂಟು ಅಡಿಯ ಮೂರ್ತಿಯ ಎದುರು ಬಂದೊಡನೆ ಜನ ಅದಕ್ಕೆ ಬೆನ್ನು ಮಾಡಿ ನಿಂತು ತಮ್ಮ ಮುಖವನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ. ದೇವರಿಗೆ ಬೆನ್ನು ಹಾಕಬಾರದೆಂದು ಬಾಲ್ಯದಿಂದ ಕಲಿತವರೇ ಇದನ್ನು ಮಾಡುತ್ತಾರೆ. ಮೂಡಬಿದಿರೆಯ ಸ್ವಾಮಿಗೆಂದು ಚಿತ್ರಪುಸ್ತಕದಲ್ಲಿ ಒಂದು ಪುಟವನ್ನು ಖಾಲಿ ಬಿಟ್ಟು, ಅಲ್ಲಿ ಕಂಡುದನ್ನು ಮಗುವೇ ನಾಲ್ಕು ಸಾಲು ಬರೆಯಲಿ, ಬೇಕಾದರೆ ನೆನಪಿನಿಂದ ಚಿತ್ರ ಬಿಡಿಸಲಿ. ಚಿತ್ರ ವಕ್ರವಾಗಿರಬಹುದು. ಆದರೆ ನೋಡದೆ ಇದ್ದವರಿಂದ ಅದು ಸಾಧ್ಯವಾಗದು. ಮುನಿಗಳ ವಿಷಯದಲ್ಲಿಯೂ ಸಂಯಮ ಬೇಕು. ಆಹಾರದ ಸಮಯದಲ್ಲಾಗಲಿ ಸಾಮಾಯಿಕದ ಸಮಯದಲ್ಲಾಗಲಿ ಮುಖಕ್ಕೆ ಬೆಳಕು ಚಿಮ್ಮಿಸಿ ಚಿತ್ರ ತೆಗೆಯುವುದು ಭಕ್ತಿಯೆನಿಸದು.

ಚಿತ್ರ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಬೇಕು. ಒಂದೊಂದು ಚಿತ್ರವೂ ಒಂದು ನಯ. ವಸ್ತುವಿನ ಒಂದು ಅಂಶವನ್ನು ಹೇಳುತ್ತದೆ. ಉಳಿದುದನ್ನು ನಿರಾಕರಿಸಿದಾಗ ಅದು ದುರ್ನಯವಾಗುತ್ತದೆ. ಮನೆಯ ಆಲ್ಬಮ್‌ಗಳಲ್ಲಿ ಈ ದುರ್ನಯ ಸಾಮಾನ್ಯ. ಎಲ್ಲರೂ ನಗುತ್ತಿರುತ್ತಾರೆ, ಯಾರೂ ದಣಿದಿರುವುದಿಲ್ಲ. ಎಲ್ಲರ ಚಿತ್ರ ತೆಗೆದ ತಾಯಿ ಯಾವ ಪುಟದಲ್ಲಿಯೂ ಇರುವುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಬನಶಂಕರಿಯಿಂದ ಹೊರಟು ಶಿರಾಡಿ ಘಾಟಿಯ ತಿರುವುಗಳಲ್ಲಿ ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿದ ವಾಹನ ಚಾಲಕನು ಇರುವುದಿಲ್ಲ. ಸೂರ್ಯಾಸ್ತಕ್ಕೆ ಮೊದಲೇ ಊಟವಾಗಬೇಕೆಂಬುದನ್ನು ಹೇಳದೆಯೇ ಅರಿತು ಬಡಿಸಿದ ಕ್ಷೇತ್ರದ ಭೋಜನಶಾಲೆಯವರು ಇರುವುದಿಲ್ಲ. ಡೋಲಿಯಲ್ಲಿ ಅಜ್ಜಿಯನ್ನು ಹೊತ್ತು ಬೆಟ್ಟಕ್ಕೇರಿಸಿದವರ ಬೆನ್ನು ಮಾತ್ರ ಚಿತ್ರದ ಅಂಚಿನಲ್ಲಿ ಕಾಣುತ್ತದೆ. ಅಂದಗೆಡುತ್ತದೆಂದು ಅದಕ್ಕೂ ಕತ್ತರಿ ಬೀಳುತ್ತದೆ. ಅವಿನಯವನ್ನು ಕತ್ತರಿಯಲ್ಲಿ ಹುಡುಕುವ ಹಿರಿಯರು ಈ ಅಂಚನ್ನೂ ಗಮನಿಸುವುದು ಯುಕ್ತ. ಅವರ ಒಪ್ಪಿಗೆ ಕೇಳಿ ತೆಗೆದ ಒಂದು ಚಿತ್ರ, ಕೆಳಗೆ ಅವರ ಹೆಸರು, ಇಷ್ಟಕ್ಕೆ ಒಂದು ಪುಟವನ್ನು ಮೀಸಲಿಟ್ಟರೆ ಮಕ್ಕಳು ಯಾತ್ರೆಯ ಪುಣ್ಯದಲ್ಲಿ ಪಾಲುದಾರರು ಯಾರೆಂಬುದನ್ನು ಲೆಕ್ಕ ಹಾಕಲು ಕಲಿಯುತ್ತಾರೆ.

ಇಟ್ಟುಕೊಳ್ಳುವುದರ ಬಗ್ಗೆ ಇಷ್ಟು ಹೇಳಿದ ಮೇಲೆ ಕೊಡುವುದರ ಬಗ್ಗೆಯೂ ಹೇಳಬೇಕು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ಕನ್ನಡಿಗರು ಸಾವಿರ ವರ್ಷಗಳಿಂದ ದಾನಚಿಂತಾಮಣಿಯೆಂದು ಕೊಂಡಾಡುತ್ತಿದ್ದಾರೆ. ಒಂದು ಪ್ರತಿ ಪೆಟ್ಟಿಗೆಯಲ್ಲಿದ್ದಾಗ ಅದು ಸ್ವತ್ತು. ಸಾವಿರ ಪ್ರತಿಗಳಾಗಿ ಹರಡಿದಾಗ ಶಾಸ್ತ್ರದಾನ. ಕುಟುಂಬದ ಚಿತ್ರಪುಟಕ್ಕೆ ಗ್ರಂಥದ ಗೌರವವಿಲ್ಲ ನಿಜ. ಆದರೂ ಈ ಮನೆಗಳ ಅಟ್ಟದ ಮೇಲೆ, ಕಬ್ಬಿಣದ ಬೀರುಗಳ ತಳದಲ್ಲಿ ಇರುವ ಹಳೆಯ ಆಲ್ಬಮ್‌ಗಳಲ್ಲಿ ಟ್ರಸ್ಟುಗಳ ಕಡತದಲ್ಲಿಯೂ ಇಲ್ಲದ ಸಾಕ್ಷ್ಯ ಇರಬಹುದು. ಜೀರ್ಣೋದ್ಧಾರದ ಹೆಸರಿನಲ್ಲಿ ಊರೂರಿನ ಬಸದಿಗಳ ಹಂಚಿನ ಮಾಡು ಹೋಗಿ ಕಾಂಕ್ರೀಟ್ ಬಂದಿದೆ, ಕಲ್ಲಿನ ನೆಲದ ಮೇಲೆ ಗ್ರಾನೈಟ್ ಹಾಸಲಾಗಿದೆ, ಬಾಗಿಲವಾಡದ ಕೆತ್ತನೆಯ ಮೇಲೆ ಬಣ್ಣ ಬಳಿಯಲಾಗಿದೆ. ಮೊದಲು ಹೇಗಿತ್ತೆಂದು ತೋರಿಸಲು ಅನೇಕ ಕಡೆ ಯಾರದೋ ಮದುವೆಯ ಅಥವಾ ರಜಾ ಪ್ರವಾಸದ ಚಿತ್ರದ ಹಿನ್ನೆಲೆಯೇ ಉಳಿದಿರುವ ಆಧಾರ. ಮೆಟ್ಟಿಲ ಮೇಲೆ ಸಾಲಾಗಿ ನಿಂತ ಸೋದರಸಂಬಂಧಿಗಳ ಹಿಂದೆ ಮಾನಸ್ತಂಭದ ಪೀಠ ಕಾಣುತ್ತಿರುತ್ತದೆ.

ಬಸದಿಯ ಟ್ರಸ್ಟುಗಳು ಇಂತಹ ಆಲ್ಬಮ್‌ಗಳನ್ನು ಕೇಳಿ ತರಿಸಿ, ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿಕೊಂಡು, ಮೂಲವನ್ನು ಮನೆಯವರಿಗೆ ಹಿಂದಿರುಗಿಸುವ ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ. ಆದರೆ ಕಾಲ ಕಡಿಮೆಯಿದೆ. 1970 ಮತ್ತು 80ರ ದಶಕಗಳ ಬಣ್ಣದ ಚಿತ್ರಗಳಲ್ಲಿ ನೀಲಿಯ ಅಂಶ ಮಾಸಿ ಅನೇಕವು ಈಗಾಗಲೇ ಕೆಂಪಗಾಗಿವೆ. ಪ್ಲಾಸ್ಟಿಕ್ ಪರೆಯ ಅಡಿಯಲ್ಲಿ ತಾನೇ ಅಂಟಿಕೊಳ್ಳುವ ಪುಟಗಳಿದ್ದ ಆಗಿನ ಆಲ್ಬಮ್‌ಗಳ ಅಂಟು ಹಳದಿಯಾಗಿ ಚಿತ್ರಕ್ಕೆ ಕಚ್ಚಿಕೊಂಡಿದೆ. ಅವುಗಳನ್ನು ಬಲವಂತವಾಗಿ ಕೀಳದೆ ಪುಟದ ಮೇಲಿರುವಂತೆಯೇ ಪ್ರತಿ ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾದುದು ಚಿತ್ರದಲ್ಲಿರುವವರ ಹೆಸರುಗಳು. ಅವು ಬಹುಪಾಲು ಮನೆಗಳಲ್ಲಿ ಒಬ್ಬರೇ ಹಿರಿಯರ ನೆನಪಿನಲ್ಲಿವೆ. ಚಾತುರ್ಮಾಸದ ಒಂದು ಮಧ್ಯಾಹ್ನ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, ಒಂದೊಂದೇ ಚಿತ್ರವನ್ನು ತೋರಿಸಿ ಕೇಳಿ, ಅದರ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಊರು, ವರ್ಷ, ಎಡದಿಂದ ಬಲಕ್ಕೆ ನಿಂತವರ ಹೆಸರುಗಳನ್ನು ಬರೆದಿಡಬೇಕು. ಅಜ್ಜಿಗೆ ಗುರುತು ಸಿಗದವರ ಸ್ಥಾನವನ್ನು ಖಾಲಿ ಬಿಟ್ಟು, ಮುಂದಿನ ಸಲ ಊರಿಗೆ ಹೋದಾಗ ಅಲ್ಲಿನ ಹಿರಿಯರನ್ನು ಕೇಳಬಹುದು.